ಕಬ್ಬಿಣ ತಾಗದ ಅಡುಗೆ

ನಮ್ಮ ಲಸಿಕೆ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಅಡುಗೆಯಕ್ಕ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಅವಳು ಅಡುಗೆ ಮಾಡಿ ಹಾಕಿದ್ದು ಮನುಷ್ಯರಿಗಲ್ಲ, ರೋಗಾಣುಗಳಿಗೆ. ಕೋಳಿಗಳಿಗೆ ಕಾಲರಾ ತರುವ ಬ್ಯಾಕ್ಟೀರಿಯಾಗಳನ್ನು ಸಾಕಿ, ಬೆಳೆಸಿ, ಕೊಂದು, ಆ ಹೆಣಗಳನ್ನೇ ಲಸಿಕೆಯೆಂದು ಸೀಸೆಗೆ ತುಂಬುವುದು ನಮ್ಮ ಕೇಂದ್ರದ ಕೆಲಸ. ಸಾಕಬೇಕೆಂದರೆ ಊಟ ಹಾಕಬೇಕಲ್ಲ, ಆ ಊಟ ಅವಳದು. ಬಾಯ್ಲರ್ ಕೋಣೆಗೆ ಅಂಟಿಕೊಂಡಿದ್ದ ಅವಳ ಜಾಗದ ಬಾಗಿಲ ಮೇಲೆ ‘ಮಾಧ್ಯಮ ತಯಾರಿಕಾ ವಿಭಾಗ’, ಅಂದರೆ ರೋಗಾಣುಗಳ ಊಟ ತಯಾರಿಸುವ ವಿಭಾಗ, ಎಂಬ ಫಲಕವಿತ್ತು. ಅದನ್ನು ಆ ಹೆಸರಿನಿಂದ ಕರೆದವರನ್ನು ನಾನು ಕಾಣೆ. ನಮಗೆಲ್ಲ ಅದು ಅಡುಗೆಮನೆ.

ಅವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ಈಗ ಅವಳನ್ನು ಹೊಗಳುವ ಬಾಯಿಗಳಿಗೇನೂ ಬರವಿಲ್ಲ. ಅವಳು ಬದುಕಿದ್ದಾಗ ತೆರೆಯಬೇಕಿದ್ದದ್ದು ಒಂದೇ ಒಂದು ಬಾಯಿ, ಅದು ನನ್ನದು. ಆದ್ದರಿಂದ ಇದನ್ನು ಶ್ರದ್ಧಾಂಜಲಿ ಎಂದು ಯಾರೂ ಓದಬೇಡಿ.

ಕುಳ್ಳಗೆ, ದಪ್ಪಗೆ ಇದ್ದಳು. ಮೂಗಿನ ತುದಿಯಲ್ಲೇ ಸಿಟ್ಟು. ಆಮ್ಲದಲ್ಲಿ ಪಾತ್ರೆ ತೊಳೆದು ತೊಳೆದು ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ಅವಳ ಅಡುಗೆಮನೆಗೆ ಕಾಲಿಡುವವರು ಬಾಗಿಲ ಪಕ್ಕದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಗಡಿಯಾರ, ಉಂಗುರ, ಬೀಗದ ಕೈ, ಬೆಲ್ಟು ಎಲ್ಲ ಬಿಚ್ಚಿಟ್ಟು ಬರಬೇಕಿತ್ತು. ಸ್ಟೀಲಿನ ಊಟದ ಡಬ್ಬಿ ಹೊಸ್ತಿಲು ದಾಟುವ ಹಾಗಿರಲಿಲ್ಲ. ಸ್ವತಃ ಅವಳೇ ಕೂದಲಿಗೆ ಪಿನ್ನು ಹಾಕುತ್ತಿರಲಿಲ್ಲ. ತುರುಬು ಸುತ್ತಿ ಅದರೊಳಗೆ ಒಂದು ಮೋಟು ಪೆನ್ಸಿಲ್ ಸಿಕ್ಕಿಸುತ್ತಿದ್ದಳು. ಕಲಕಲು ಮರದ ಸೌಟು, ಅಳೆಯಲು ಗಾಜು, ಕುದಿಸಲು ಇಪ್ಪತ್ತು ಲೀಟರಿನ ಗಾಜಿನ ಜಾಡಿಗಳು, ಒಟ್ಟು ಇಪ್ಪತ್ತನಾಲ್ಕು. ಪ್ರತಿಯೊಂದನ್ನೂ ಆಮ್ಲದಲ್ಲಿ ನೆನೆಸಿ, ಗಾಜಿನಲ್ಲೇ ಬಟ್ಟಿ ಇಳಿಸಿದ ನೀರಿನಲ್ಲಿ ಏಳು ಸಲ ಜಾಲಿಸುತ್ತಿದ್ದಳು, ಗಟ್ಟಿಯಾಗಿ ಎಣಿಸುತ್ತ. ಐದನೆಯದಕ್ಕೆ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಮಾತಾಡಿಸಿದವರಿಗೆ ಮಂಗಳಾರತಿ ಮಾಡಿ ಮತ್ತೆ ಒಂದರಿಂದ ಶುರು.

ನಾನು ಕೆಲಸಕ್ಕೆ ಸೇರಿದ ದಿನ ಬೆಲ್ಟು ಹಾಕಿಕೊಂಡೇ ಒಳಗೆ ಹೋಗಿದ್ದೆ. ಹೊಸ ಪದವಿ, ಹೊಸ ಬೆಲ್ಟು, ಎರಡರದೂ ಜಂಬವಿತ್ತು.

“ಆಚೆ ನಡಿ, ಆಚೆ ನಡಿ!” ಎಂದು ಸೌಟು ಎತ್ತಿಕೊಂಡೇ ಬಂದಳು. ನಾನು ಬೆಲ್ಟು ಬಿಚ್ಚಿ, ಪ್ಯಾಂಟು ಹಿಡಿದುಕೊಂಡು ನಿಂತ ಮೇಲೆ ನಕ್ಕಳು. “ಓದ್ಕೊಂಡ್ ಬಂದಿದೀಯಲ್ಲ, ಹೇಳು ನೋಡೋಣ. ಮೈಯೊಳಗೆ ಕಬ್ಬಿಣ ಎಲ್ಲಿರುತ್ತೆ?”

“ರಕ್ತದಲ್ಲಿ.”

“ಇರುತ್ತೆ, ಆದ್ರೆ ಬೀಗ ಹಾಕಿರುತ್ತೆ. ಕಳ್ಳ ಒಳಗ್ ಬಂದ್ರೂ ಒಂದ್ ಚೂರೂ ಸಿಗಲ್ಲ. ಆಗ ಇವು ಏನ್ ಮಾಡ್ತವೆ ಗೊತ್ತಾ? ಹಸಿವು ತಾಳಲಾರದೆ ಮೈಮೇಲೆ ಹೊಸ ಕೈ ಬೆಳೆಸ್ಕೋತವೆ. ಬೀಗ ಒಡೆಯೋ ಕೈ. ನಾನು ಹೊಟ್ಟೆ ತುಂಬ ಕಬ್ಬಿಣ ಹಾಕಿ ಸಾಕಿದ್ರೆ ಕೈ ಯಾಕೆ ಬೆಳೆಸ್ತವೆ, ಹೇಳು?”

ನಾಲ್ಕು ವರ್ಷ ಪಾಠ ಕೇಳಿ ನನ್ನ ತಲೆಗೆ ಹತ್ತದಿದ್ದದ್ದು ಪ್ಯಾಂಟು ಹಿಡಿದು ನಿಂತ ಐದು ನಿಮಿಷದಲ್ಲಿ ಹತ್ತಿತು. ಈ ಜಾತಿಯ ಬ್ಯಾಕ್ಟೀರಿಯಾಕ್ಕೆ ಹೊರಗೊಂದು ಪೊರೆ ಇರುತ್ತದೆ. ಆ ಪೊರೆಯಲ್ಲಿ ನೆಟ್ಟ ಪ್ರೊಟೀನುಗಳೇ ಅದರ ಕಿಟಕಿ, ಬಾಗಿಲು, ಕೈ, ಮುಖ. ಕೋಳಿಯ ಮೈಯೊಳಗಿನ ಕಾವಲು ಪಡೆ ಅದನ್ನು ಗುರುತಿಸುವುದು ಆ ಮುಖದಿಂದಲೇ. ಕಬ್ಬಿಣದ ಹಸಿವಿನಲ್ಲಿ ಬೆಳೆಯುವ ಆ ಹೊಸ ಪ್ರೊಟೀನುಗಳಿಂದಲೇ ರೋಗಾಣು ಮೈಯೊಳಗೆ ಬದುಕಿ ಕೊಬ್ಬುವುದು. ಅದನ್ನು ಗಬಕ್ಕನೆ ಹಿಡಿಯಬಹುದಾದ ಜಾಗವೂ ಅದೇ. ಆದರೆ ಕಾವಲು ಪಡೆ ಕಲಿಯುವುದು ನಾವು ತೋರಿಸಿದ್ದನ್ನು ಮಾತ್ರ. ಉಂಡು ಮಲಗಿದ ರೋಗಾಣುವಿನ ಮುಖ ತೋರಿಸಿದರೆ ಅದನ್ನೇ ನೆನಪಿಟ್ಟುಕೊಳ್ಳುತ್ತದೆ, ಹಸಿದು ನುಗ್ಗುವವನನ್ನು ಬಿಟ್ಟು ಬೇರೆ ಯಾರನ್ನೋ ಹುಡುಕುತ್ತದೆ. ಅದಕ್ಕೇ ನಮ್ಮ ಅಡುಗೆಯಕ್ಕ ಅವುಗಳನ್ನು ಉಪವಾಸ ಕೆಡವಿ ಸಾಕುತ್ತಿದ್ದಳು. ಅಳಿದುಳಿದ ಕಬ್ಬಿಣವನ್ನು ಕಚ್ಚಿ ಹಿಡಿಯಲು ಒಂದು ಪುಡಿಯನ್ನೂ ತೂಗಿ ಹಾಕುತ್ತಿದ್ದಳು.

ನನ್ನ ಕೆಲಸ ಪರೀಕ್ಷೆಯ ಕೋಣೆಯಲ್ಲಿ. ಬ್ಯಾಕ್ಟೀರಿಯಾದ ಹೊರಪೊರೆ ಸುಲಿದು, ಅದರ ಪ್ರೊಟೀನುಗಳನ್ನು ಒಂದು ತೆಳ್ಳನೆಯ ಜೆಲ್ಲಿನಲ್ಲಿ ಹಾಕಿ ವಿದ್ಯುತ್ತು ಹರಿಸಿದರೆ ಅವು ಗಾತ್ರಕ್ಕೆ ತಕ್ಕಂತೆ ಬೇರೆಬೇರೆಯಾಗಿ ನೀಲಿ ಪಟ್ಟೆಗಳಾಗಿ ನಿಲ್ಲುತ್ತವೆ. ನಡುವಿನಲ್ಲಿ ಒಂದು ದಪ್ಪ ಪಟ್ಟೆ, ಅದು ಯಾವಾಗಲೂ ಇರುವುದು. ಮೇಲೆ ಎರಡು ತೆಳು ಪಟ್ಟೆ, ಹಸಿದಾಗ ಮಾತ್ರ ಬರುವವು. ದಿನವಿಡೀ ಪಟ್ಟೆ ನೋಡುತ್ತ ಕೂರುವವನೆಂದು ಅವಳು ನನಗೆ ‘ಪಟ್ಟೆಹುಲಿ’ ಎಂದು ಹೆಸರಿಟ್ಟಳು. ನನ್ನಂಥ ಪುಕ್ಕಲನಿಗೆ ಹುಲಿ ಎಂದವಳು ಭೂಮಿಯ ಮೇಲೆ ಅವಳೊಬ್ಬಳೇ.

ಈ ಉಪವಾಸದ ಅಡುಗೆಯನ್ನು ಕಂಡುಹಿಡಿದವರು ಹಳೆಯ ಡಾಕ್ಟರಮ್ಮ, ಕೇಂದ್ರದ ಮೊದಲ ಮುಖ್ಯಸ್ಥೆ. ಅಕ್ಕನಿಗೆ ಕಲಿಸಿದ್ದೂ ಅವರೇ. ಅವರು ನಿವೃತ್ತಿಯಾಗುವ ಮುನ್ನ ಇಡೀ ವಿಧಾನವನ್ನು ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿ ಹೋದರು. ಯಾವ ಪುಡಿ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ಕುದಿಸಬೇಕು, ಎಲ್ಲ ಇತ್ತು. ಪಾತ್ರೆ ಯಾವುದು ಎಂದು ಮಾತ್ರ ಬರೆದಿರಲಿಲ್ಲ. ಆಗ ಕೇಂದ್ರದಲ್ಲಿ ಗಾಜಿನ ಜಾಡಿ ಬಿಟ್ಟು ಬೇರೆ ಪಾತ್ರೆಯೇ ಇರಲಿಲ್ಲ, ಬರೆಯಬೇಕೆಂದು ಅವರಿಗೆ ಹೇಗೆ ಹೊಳೆಯಬೇಕು?

ಅಕ್ಕನಿಗೆ ಗಂಡ, ಮಕ್ಕಳು ಇರಲಿಲ್ಲ. ಇದ್ದವನು ಒಬ್ಬ ತಮ್ಮ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಇವಳಿಗೆ ಹದಿನೇಳು. ಓದು ಬಿಟ್ಟು ಈ ಕೇಂದ್ರದಲ್ಲಿ ಸೀಸೆ ತೊಳೆಯುವ ಕೆಲಸಕ್ಕೆ ಸೇರಿದ್ದೇ ಅವನಿಗಾಗಿ. ಹತ್ತು ಹನ್ನೊಂದು ವರ್ಷ ಸೀಸೆ ತೊಳೆದ ಮೇಲೆಯೇ ಅಡುಗೆ ಅವಳ ಕೈಗೆ ಬಂದದ್ದು. ಅವನು ದೊಡ್ಡವನಾಗಿ ಊರಾಚೆ ಹೆದ್ದಾರಿಯ ಪಕ್ಕ ಕೋಳಿ ಶೆಡ್ಡು ಹಾಕಿದ, ನಾಲ್ಕು ಸಾವಿರ ಮೊಟ್ಟೆ ಕೋಳಿ. ರಜೆ ಬಂದರೆ ಅಕ್ಕ ಅಲ್ಲೇ. ಕೋಳಿಗೆ ಲಸಿಕೆ ಹಾಕುವ ದಿನ ತಾನೇ ಸೀಸೆ ಹಿಡಿದು ನಿಲ್ಲುತ್ತಿದ್ದಳು. “ಇದು ನಮ್ಮಕ್ಕನ ಕೈಯಡುಗೆ, ನಮ್ ಕೋಳಿಗೆ ಏನೂ ಆಗಲ್ಲ” ಎಂದು ಅವನು ಅಕ್ಕಪಕ್ಕದ ಶೆಡ್ಡಿನವರಿಗೆಲ್ಲ ಹೇಳುತ್ತಿದ್ದನಂತೆ. ಆ ಮಾತನ್ನು ಅಕ್ಕ ನನಗೆ ನೂರು ಸಲವಾದರೂ ಹೇಳಿರಬೇಕು. ಅವಳ ಆಸ್ತಿ ಅಂತ ಇದ್ದದ್ದು ಆ ಮಾತು ಒಂದೇ.

ಹೀಗಿರುವಾಗ ಹೊಸ ಸಾಹೇಬರು ಬಂದರು. ಬಂದ ಮೂರನೆಯ ತಿಂಗಳಿಗೇ ಐದುನೂರು ಲೀಟರಿನ ಸ್ಟೀಲ್ ತೊಟ್ಟಿ ತರಿಸಿದರು. ರಿಬ್ಬನ್ನು ಕತ್ತರಿಸಿದ್ದಾಯಿತು, ಫೋಟೋ ಆಯಿತು. ಗಾಜಿನ ಜಾಡಿಗಳು ಉಗ್ರಾಣಕ್ಕೆ ಹೋದವು, ಬಾಗಿಲ ಬಳಿಯ ಬುಟ್ಟಿ ಕಸಕ್ಕೆ ಹೋಯಿತು. ತೊಟ್ಟಿಗೆ ನೀರು ಬರುತ್ತಿದ್ದದ್ದು ಬಾಯ್ಲರ್ ಕೋಣೆಯ ಹಳೆಯ ಕಬ್ಬಿಣದ ಕೊಳವೆಯಿಂದ. ಅಕ್ಕ ಆ ಕೊಳವೆಯನ್ನು ಮುಟ್ಟಿ, ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ಸಾಹೇಬರ ಮೇಜಿನ ಮುಂದೆ ಹಿಡಿದಳು. ನಾನೂ ಆಗ ಅಲ್ಲೇ ಇದ್ದೆ.

“ಸಾರ್, ಇದು ಸೇರಿದ್ರೆ ಅವಕ್ಕೆ ಹಸಿವಾಗಲ್ಲ. ಗಾಜಲ್ಲೇ ಮಾಡ್ಬೇಕು.”

ಸಾಹೇಬರು ಡಾಕ್ಟರಮ್ಮನ ಹಾಳೆ ತೆಗೆದು ಕನ್ನಡಕ ಏರಿಸಿದರು. “ಗಾಜು ಅಂತ ಎಲ್ಲಿ ಬರೆದಿದೆ, ತೋರ್ಸಿ.”

“ಬರೆದಿಲ್ಲ ಸಾರ್. ಹಾಗೇ ಮಾಡ್ತಾ ಬಂದಿದೀವಿ.”

“ಮಾಡ್ತಾ ಬಂದಿದ್ದೆಲ್ಲ ದಾಖಲೆ ಆಗಲ್ಲಮ್ಮ.”

“ಹೋಗ್ಲಿ, ಕಬ್ಬಿಣ ಹಿಡಿಯೋ ಪುಡಿನಾದ್ರೂ ಜಾಸ್ತಿ ಹಾಕ್ತೀನಿ.”

“ಅನುಮೋದನೆ ಆಗಿರೋ ವಿಧಾನ ಇದು. ಒಂದು ಗ್ರಾಮೂ ಆಚೀಚೆ ಮಾಡೋ ಹಾಗಿಲ್ಲ.”

ಗಮನಿಸಿ, ಪಾತ್ರೆ ಬದಲಾಯಿಸಲು ಹಾಳೆ ಅಡ್ಡ ಬರಲಿಲ್ಲ, ತಪ್ಪು ತಿದ್ದಲು ಅಡ್ಡ ಬಂತು. ಇಂಥ ಬುದ್ಧಿವಂತಿಕೆಗೆ ದೊಡ್ಡ ದೊಡ್ಡ ಓದೇ ಬೇಕು, ನಮ್ಮಂಥವರಿಗೆಲ್ಲ ದಕ್ಕುವಂಥದ್ದಲ್ಲ.

ತೊಟ್ಟಿಯ ಮೊದಲ ಕಂತು ಹೊರಬಂದಾಗ ಬ್ಯಾಕ್ಟೀರಿಯಾ ಹಿಂದಿನದಕ್ಕಿಂತ ಎರಡು ಪಟ್ಟು ದಟ್ಟವಾಗಿ ಬೆಳೆದಿತ್ತು. ಸಾಹೇಬರು ಎಲ್ಲರಿಗೂ ಸಿಹಿ ಹಂಚಿಸಿದರು. ಅಕ್ಕ ಒಂದು ಗಾಜಿನ ನಳಿಕೆಯಲ್ಲಿ ಅದನ್ನು ತುಂಬಿಕೊಂಡು ಬೆಳಕಿಗೆ ಹಿಡಿದು ನೋಡಿ, ನೇರ ನನ್ನ ಕೋಣೆಗೆ ಬಂದಳು. “ಇಷ್ಟು ಕೊಬ್ಬಿದಾವೆ ಅಂದ್ರೆ ಇವು ಹಸಿದೇ ಇಲ್ಲ ಕಣೋ. ನಿನ್ ಪಟ್ಟೆ ಹಾಕಿ ನೋಡು.”

ಹಾಕಿದೆ. ನಡುವಿನ ದಪ್ಪ ಪಟ್ಟೆ ಕಂಬಳಿಹುಳದಂತೆ ಮಲಗಿತ್ತು. ಮೇಲೆ ಏನೂ ಇರಲಿಲ್ಲ.

ಅವಳು ಜೆಲ್ಲಿನ ಆ ಖಾಲಿ ಜಾಗಕ್ಕೆ ಬೆರಳಿಟ್ಟು, “ಕೈ ಎಲ್ಲೋ?” ಎಂದಳು.

ನಾನು ಸಾಹೇಬರ ಬಳಿಗೆ ಹೋದೆ. ಅವರು ಜೆಲ್ಲನ್ನು ಸರಿಯಾಗಿ ನೋಡಲೂ ಇಲ್ಲ. “ಪ್ರತಿಕಾಯದ ಲೆಕ್ಕ ಏನು ಬಂತು?” ಎಂದರು. ಪರೀಕ್ಷೆಗೆಂದು ಮೊದಲೇ ಆ ಲಸಿಕೆ ಹಾಕಿದ್ದ ಕೋಳಿಗಳ ರಕ್ತದಲ್ಲಿ ಪ್ರತಿಕಾಯ ಯಾವತ್ತಿಗಿಂತ ಹೆಚ್ಚು ಬಂದಿತ್ತು. ಬರದೆ ಏನು? ಆ ಪ್ರತಿಕಾಯಗಳೆಲ್ಲ ದಪ್ಪ ಪಟ್ಟೆಯ ಪ್ರೊಟೀನನ್ನು ಹಿಡಿಯಲು ತಯಾರಾದಂಥವು. ರೋಗಾಣು ಮೈಯೊಳಗೆ ಹೊಕ್ಕಾಗ ಲೋಳೆಯ ಹೊದಿಕೆ ಹೊದ್ದು ಅದನ್ನೇ ಮುಚ್ಚಿಕೊಳ್ಳುತ್ತದೆ. ಕಾವಲುಗಾರರು ಸಾವಿರ, ಗುರುತು ಹಿಡಿಯುವವನು ಒಬ್ಬನೂ ಇಲ್ಲ. ಸತ್ಯ ಗೊತ್ತಾಗಬೇಕಾದರೆ ಲಸಿಕೆ ಹಾಕಿದ ನಲವತ್ತು ಕೋಳಿಗಳಿಗೆ ಜೀವಂತ ರೋಗಾಣು ಕೊಟ್ಟು, ಎಷ್ಟು ಬದುಕುತ್ತವೆ ಎಂದು ನೋಡಬೇಕು. ಅದಕ್ಕೆ ಮೂರು ವಾರ ಬೇಕು. ಸಾಹೇಬರಿಗೆ ಮೂರು ವಾರವೂ ಇರಲಿಲ್ಲ, ಕೇಳುವ ಕಿವಿಯೂ ಇರಲಿಲ್ಲ. “ತೃಪ್ತಿಕರ ಅಂತ ಬರೀರಿ” ಎಂದರು. ಬರೆದೆ. ಅಕ್ಷರ ದುಂಡಗೇ ಬಂತು.

ಹೊರಗೆ ಅಕ್ಕ ಕಾಯುತ್ತಿದ್ದಳು. “ಹೇಳಿದ್ಯಾ?”

“ಹೇಳ್ದೆ ಅಕ್ಕ. ನೋಡ್ತೀನಿ ಅಂದ್ರು. ಆ ಕಂತು ಹೊರಗೆ ಬಿಡಲ್ವಂತೆ, ಸರಿಮಾಡ್ತಾರಂತೆ.”

ಯಾಕೆ ಹಾಗೆ ಹೇಳಿದೆನೋ. ಅವಳ ಬಾಯಿಂದ ಎರಡು ಮಾತು ಬೈಸಿಕೊಳ್ಳುವುದು ಬೇಡ ಎನ್ನಿಸಿತು, ಅಷ್ಟೇ. ಅವಳು ನನ್ನ ಬೆನ್ನ ಮೇಲೆ ಗುದ್ದಿ, “ಹುಲಿ ಕಣೋ ನೀನು” ಎಂದಳು. ಆ ತಿಂಗಳ ಕೊನೆಗೆ ತಮ್ಮನ ಶೆಡ್ಡಿನಲ್ಲಿ ಲಸಿಕೆಯ ದಿನ. ಎಂದಿನಂತೆ ಅವಳೇ ಸೀಸೆ ಹಿಡಿದು ನಿಂತಳು. ಸೀಸೆ ತೊಟ್ಟಿಯ ಕಂತಿನದೇ. ಅದನ್ನು ತಡೆದು ಹಳೆಯ ಜಾಡಿಯ ಸರಕನ್ನೇ ಸಾಹೇಬರು ಕಳಿಸಿದ್ದಾರೆ ಎಂದು ಅವಳು ನಂಬಿದ್ದಳು. ಹಾಗೆ ನಂಬಿಸಿದವನು ನಾನು.

ಎರಡು ತಿಂಗಳಿಗೆ ರೋಗ ಬಂತು. ಒಂಬತ್ತು ದಿನದಲ್ಲಿ ಅವನ ನಾಲ್ಕು ಸಾವಿರದಲ್ಲಿ ಎರಡು ಸಾವಿರದ ಏಳುನೂರು ಹೋದವು. ಅವನ ಮಾತು ನಂಬಿ ಅದೇ ಲಸಿಕೆ ತಂದಿದ್ದ ಅಕ್ಕಪಕ್ಕದ ಶೆಡ್ಡುಗಳದೂ ಅದೇ ಕತೆ. ಹತ್ತನೆಯ ದಿನ ಬೆಳಿಗ್ಗೆ ಅವನು ನಮ್ಮ ಕೇಂದ್ರದ ಗೇಟಿನ ಹತ್ತಿರ ಒಂದು ಚೀಲ ಹಿಡಿದು ಬಂದು ನಿಂತ. ಅಕ್ಕ ಓಡಿಹೋದಳು, ನಾನೂ ಹಿಂದೆ ಹೋದೆ. ಚೀಲದಲ್ಲಿ ಮೂರು ಕೋಳಿ, ಜುಟ್ಟು ನೀಲಿಗಟ್ಟಿ, ಗಲ್ಲ ಊದಿ.

“ತಗೋ ಅಕ್ಕ, ನಿನ್ ಕೈಯಡುಗೆ” ಎಂದ. ಕೂಗಾಡಲಿಲ್ಲ. ಚೀಲ ಅವಳ ಕಾಲ ಬುಡದಲ್ಲಿಟ್ಟು ತಿರುಗಿ ನಡೆದ.

ಅವಳು ಅಳಲಿಲ್ಲ. ಚೀಲ ಎತ್ತಿಕೊಂಡು ಬಂದು, “ಪಟ್ಟೆ ಹಾಕು” ಎಂದಳು, ಅಷ್ಟೇ. ಸತ್ತ ಕೋಳಿಯ ರಕ್ತದಿಂದಲೇ ರೋಗಾಣುಗಳನ್ನು ತೆಗೆದು, ಯಾವ ಊಟವನ್ನೂ ಕೊಡದೆ, ಹೊರಪೊರೆ ಸುಲಿದು ಜೆಲ್ಲಿಗೆ ಹಾಕಿದೆ. ಪಕ್ಕದ ಸಾಲಿನಲ್ಲಿ ತೊಟ್ಟಿಯ ಕಂತಿನದು. ಕೋಳಿಯಿಂದ ಬಂದದ್ದರಲ್ಲಿ ಆ ಎರಡು ತೆಳು ಪಟ್ಟೆಗಳು ಗೆರೆ ಎಳೆದ ಹಾಗೆ ನಿಂತಿದ್ದವು. ತೊಟ್ಟಿಯದರಲ್ಲಿ ಖಾಲಿ. ನಾವು ತೋರಿಸಿದ ಮುಖವೇ ಬೇರೆ, ಬಂದವನ ಮುಖವೇ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಫೋಟೋ ತೆಗೆದೆ. ಅಕ್ಕ ಅದನ್ನು ತುಂಬ ಹೊತ್ತು ನೋಡಿ ನನ್ನ ಕೈಗೇ ಕೊಟ್ಟಳು. “ಇದು ನಿನ್ ಹತ್ರಾನೇ ಇರ್ಲಿ. ನಾನು ಹೇಳಿದ್ರೆ ಸೀಸೆ ತೊಳೆಯೋಳ ಮಾತು ಅಂತಾರೆ, ನೀನು ಓದಿದೋನು.”

ವಿಚಾರಣೆಗೆ ಹೊರಗಿನಿಂದ ಮೂವರು ಬಂದರು. ಅದರ ಹಿಂದಿನ ದಿನ ಸಾಹೇಬರು ನನ್ನನ್ನು ಕರೆದರು. ವರ್ಷಕ್ಕೊಮ್ಮೆ ನವೀಕರಿಸುವ ತಾತ್ಕಾಲಿಕ ಕೆಲಸ ನನ್ನದು. ಕಾಯಂ ಮಾಡುವ ಫೈಲು ಅವರ ಮೇಜಿನ ಮೇಲೆ ನನಗೆ ಕಾಣುವ ಹಾಗೇ ಇತ್ತು. ಅವರು ಫೈಲಿನ ವಿಷಯ ಎತ್ತಲೇ ಇಲ್ಲ. “ಒಂದೊಂದ್ಸಲ ಜೆಲ್ಲು ಸರಿಯಾಗಿ ಓಡಲ್ಲ, ಅಲ್ವಾ?” ಎಂದರು. “ಹೌದು ಸಾರ್, ಒಂದೊಂದ್ಸಲ” ಎಂದೆ. ಅಷ್ಟರಲ್ಲಿ ಚಹಾ ಬಂತು, ಕುಡಿದೆವು.

ಮಾರನೆಯ ದಿನ ಆ ಮೂವರು ಅವಳನ್ನು ಕೇಳಿದರು, ತಕರಾರು ಇದ್ದರೆ ಬರವಣಿಗೆಯಲ್ಲಿ ಯಾಕೆ ಕೊಡಲಿಲ್ಲ ಎಂದು. “ಬಾಯಲ್ಲಿ ಹೇಳ್ದೆ ಸ್ವಾಮಿ. ಪಟ್ಟೆ ಹಾಕ್ಸಿ ತೋರ್ಸಿದೀನಿ. ಇವನ ಹತ್ರ ಫೋಟೋ ಇದೆ, ಕೇಳಿ” ಎಂದು ನನ್ನತ್ತ ಕೈ ಮಾಡಿದಳು. ಅವಳ ಮುಖದಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ.

“ಆ ಜೆಲ್ಲು ಸರಿಯಾಗಿ ಓಡಿರಲಿಲ್ಲ ಸಾರ್” ಎಂದೆ.

ಅವಳು ತುರುಬಿನ ಪೆನ್ಸಿಲ್ ತೆಗೆದಳು, ಮತ್ತೆ ಅಲ್ಲೇ ಸಿಕ್ಕಿಸಿದಳು.

‘ಮಾಧ್ಯಮ ತಯಾರಿಕೆಯ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಲೋಹದ ಅಂಶ ಸೇರಿ’ ಎಂದು ವರದಿ ಬಂತು. ಕೂದಲ ಪಿನ್ನನ್ನೂ ಒಳಗೆ ಬಿಡದವಳ ತಲೆಗೆ ಐದುನೂರು ಲೀಟರಿನ ತೊಟ್ಟಿಯನ್ನು ಕಟ್ಟಿದರು. ನಿವೃತ್ತಿಗೆ ಎಂಟು ತಿಂಗಳಿರುವಾಗ ಮನೆಗೆ ಕಳಿಸಿದರು. ಹೋಗುವ ದಿನ ಅವಳು ತೆಗೆದುಕೊಂಡು ಹೋದದ್ದು ಮರದ ಸೌಟು ಒಂದೇ. ವರದಿಯ ಪ್ರತಿ ಕೋಳಿ ಶೆಡ್ಡಿನವರಿಗೂ ಹೋಯಿತು. ತಮ್ಮ ಅದನ್ನು ಓದಿದ, ನಂಬಿದ. ನಂಬದೆ ಏನು ಮಾಡಿಯಾನು, ಅದರಲ್ಲಿ ಓದಿದವರ ಸಹಿ ಇತ್ತು. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು.

ಇನ್ನೊಂದು ಆರು ತಿಂಗಳಿಗೆ ಗಾಜಿನ ಜಾಡಿಗಳು ಸದ್ದಿಲ್ಲದೆ ಉಗ್ರಾಣದಿಂದ ವಾಪಸು ಬಂದವು. ಡಾಕ್ಟರಮ್ಮನ ಹಾಳೆಯ ಜಾಗದಲ್ಲಿ ಹೊಸ ಹಾಳೆ ಬಂತು, ಅದರಲ್ಲಿ ಹೊಸ ಸಾಲು: ‘ಗಾಜಿನ ಪಾತ್ರೆಯಲ್ಲಿ ಮಾತ್ರ ತಯಾರಿಸತಕ್ಕದ್ದು.’ ಕೆಳಗೆ ಸಾಹೇಬರ ಸಹಿ. ಈ ಸುಧಾರಣೆಯ ಬಗ್ಗೆ ಅವರು ಒಂದು ಸಮ್ಮೇಳನದಲ್ಲಿ ಭಾಷಣವನ್ನೂ ಮಾಡಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರು. ನಾನೂ ಚಪ್ಪಾಳೆ ತಟ್ಟಿದೆ, ಮೂರನೆಯ ಸಾಲಿನಲ್ಲಿ ಕೂತು.

ಅವಳು ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು. ಎರಡು ವರ್ಷ ಆದ ಮೇಲೆ ಒಂದು ಸಲ ಹೋಗಿದ್ದೆ, ಚೀಲದಲ್ಲಿ ಆ ಫೋಟೋ ಇಟ್ಟುಕೊಂಡು. ಒಲೆಯ ಮೇಲೆ ಕಬ್ಬಿಣದ ಬಾಣಲೆ, ಪಕ್ಕದಲ್ಲಿ ಕಬ್ಬಿಣದ ಸೌಟು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು, “ಇಲ್ಲಿ ಯಾರು ಎಷ್ಟು ಬೇಕಾದ್ರೂ ಕೊಬ್ಲಿ ಬಿಡು” ಎಂದಳು. ಚಹಾ ಕೊಟ್ಟಳು.

“ಕಾಯಂ ಆಯ್ತಾ?”

“ಆಯ್ತು ಅಕ್ಕ.”

“ಒಳ್ಳೇದಾಯ್ತು. ಮನೇಲೆಲ್ಲ ಚೆನ್ನಾಗಿದಾರಾ?”

ಸೌಟಿನಲ್ಲಿ ನಾಲ್ಕು ಬಾರಿಸಿದ್ದರೆ ಫೋಟೋ ತೆಗೆದು ಮುಂದಿಡುತ್ತಿದ್ದೆನೋ ಏನೋ. ಅವಳು ಬಯ್ಯಲಿಲ್ಲ, ನಾನು ತೆಗೆಯಲಿಲ್ಲ. ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಬಂದೆ.

ಮೂರು ವರ್ಷದ ನಂತರ ದರ್ಜಿ ಫೋನು ಮಾಡಿ ಹೇಳಿದ, ಬೆಳಿಗ್ಗೆ ಎದ್ದಿಲ್ಲ ಎಂದು. ಮಣ್ಣಿಗೆ ತಮ್ಮ ಬಂದಿದ್ದ. ಎಲ್ಲರಿಗಿಂತ ಹಿಂದೆ, ಕೈಕಟ್ಟಿ ನಿಂತಿದ್ದ. ಹೋದ ವಾರ ನನಗೆ ತಡೆಯಲಾಗಲಿಲ್ಲ. ಫೋಟೋ ತೆಗೆದುಕೊಂಡು ಅವನ ಶೆಡ್ಡಿಗೆ ಹೋದೆ. ಈಗ ಅಲ್ಲಿ ಮುನ್ನೂರು ಕೋಳಿ ಇದ್ದರೆ ಹೆಚ್ಚು. ನೀರಿನ ತೊಟ್ಟಿ ಉಜ್ಜುತ್ತಿದ್ದವನು ಕೈ ಒರೆಸಿಕೊಂಡು ಗೇಟು ತೆಗೆದ. ನಾನು ಕೇಂದ್ರದವನೆಂದು ಹೇಳಿ ಫೋಟೋ ತೋರಿಸಿದೆ. ಇದು ನಿಮ್ಮ ಕೋಳಿಯಲ್ಲಿದ್ದದ್ದು, ಇದು ಲಸಿಕೆಯಲ್ಲಿದ್ದದ್ದು. ಈ ಎರಡು ಗೆರೆ ಇಲ್ಲಿಲ್ಲ, ತೊಟ್ಟಿಯ ಕಬ್ಬಿಣದಿಂದ ಹೋದವು. ಅಕ್ಕ ಮೊದಲೇ ಹೇಳಿದ್ದಳು, ತಪ್ಪು ಅವಳದಲ್ಲ ಎಂದೆ. ಐದು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ಒಂದು ನಿಮಿಷವೂ ಹಿಡಿಯಲಿಲ್ಲ.

ಅವನು ಫೋಟೋವನ್ನು ನೋಡಿದ, ನನ್ನನ್ನು ನೋಡಿದ. “ಪಟ್ಟೆಹುಲಿ ಅಂದ್ರೆ ನೀವೇನಾ?”

“ಹೌದು.”

“ಆ ವಿಚಾರಣೆ ಮುಗಿದ ಮೇಲೆ ಅಕ್ಕ ಒಂದ್ಸಲ ಬಂದಿದ್ಲು. ನಾನು ಗೇಟ್ ತೆಗೀಲಿಲ್ಲ. ಆಚೆ ನಿಂತ್ಕೊಂಡೇ ಹೇಳಿದ್ಲು. ಪಟ್ಟೆಹುಲಿ ಅಂತ ಒಬ್ಬನಿದಾನೆ, ಅವನ ಹತ್ರ ಫೋಟೋ ಇದೆ, ಹೆದರ್ಕೊಂಡಿದಾನೆ, ಆದ್ರೆ ತಗೊಂಡ್ ಬಂದೇ ಬರ್ತಾನೆ ಅಂತ.” ಅವನು ಫೋಟೋವನ್ನು ನನ್ನ ಕೈಗೆ ವಾಪಸು ಕೊಟ್ಟ. “ನಾನೂ ಕಾದೆ. ಯಾರೂ ಬರ್ಲಿಲ್ಲ. ಅವಳೇ ಸುಳ್ಳು ಹೇಳಿದ್ಲು ಅಂದ್ಕೊಂಡೆ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

“ಅವನು ಬಂದಾಗ ಅವನ ಮೇಲೆ ರೇಗ್ಬೇಡ ಅಂತಾನೂ ಹೇಳಿದ್ಲು. ನೀವಿನ್ನು ಹೊರಡಿ.”

ಅವನು ರೇಗಲಿಲ್ಲ. ಗೇಟಿನವರೆಗೆ ಜೊತೆಗೆ ಬಂದು, ನಾನು ಆಚೆ ಕಾಲಿಟ್ಟ ಮೇಲೆ ಚಿಲಕ ಹಾಕಿಕೊಂಡು, ನೀರಿನ ತೊಟ್ಟಿ ಉಜ್ಜಲು ಹೋದ.